ಮಿಲ್ ನನ್ನದು, ಹಾಡೂ ನನ್ನದು, ಟ್ರಸ್ಟ್ ಯಾರದು?

ಪ್ರಶ್ನೆ: ನನಗೆ 46 ವರ್ಷ. ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಮನೆತನದ ದಾಲ್ ಮಿಲ್ ಇದೆ. ಅಪ್ಪ ತೀರಿಕೊಂಡು ಆರು ವರ್ಷ ಆಯ್ತು. ಅವತ್ತಿಂದ ನಾನೇ ನಡೆಸುತ್ತಿದ್ದೇನೆ. ಇದು ಪಾಲುದಾರಿಕೆ ಫರ್ಮ್. ನನ್ನದು 60 ಪಾಲು, ಬೆಂಗಳೂರಲ್ಲಿರುವ ತಮ್ಮನದು 40. ವರ್ಷದ ವಹಿವಾಟು 45 ಕೋಟಿ, ತೆರಿಗೆಗೆ ಮುಂಚಿನ ಲಾಭ ಸುಮಾರು 60 ಲಕ್ಷ. ಹನ್ನೊಂದನೇ ವಯಸ್ಸಿನಿಂದ ಹಿಂದೂಸ್ತಾನಿ ಕಲಿಯುತ್ತಿದ್ದೇನೆ. ಈಗಲೂ ವಾರಕ್ಕೆ ಎರಡು ಸಲ ಗುರುಗಳ ಹತ್ತಿರ ಹೋಗುತ್ತೇನೆ. ವಿದೇಶದಲ್ಲಿ ಒಬ್ಬ ಮಹಿಳೆ ಮನೆತನದ ಕಂಪನಿ ನಡೆಸುತ್ತಾ, ಆಪೆರಾ ಹಾಡುತ್ತಾ, ಕಲೆಗೂ ದಾನ ಮಾಡುತ್ತಾರಂತೆ. ಅದನ್ನು ಓದಿದ ಮೇಲೆ ನನಗೂ ಆಸೆ ಬಂತು. ಅಪ್ಪನ ಹೆಸರಲ್ಲಿ 50 ಲಕ್ಷ ಇಟ್ಟು ಸಂಗೀತ ಟ್ರಸ್ಟ್ ಮಾಡಬೇಕು, ವರ್ಷಕ್ಕೊಂದು ಉತ್ಸವ ಮಾಡಬೇಕು, ಅದರಲ್ಲಿ ನಾನೂ ಹಾಡಬೇಕು. ತಮ್ಮ ಮಾತ್ರ 'ಮಿಲ್ ದುಡ್ಡು ಹಾಡಿಗೆ ಸುರೀತೀಯಾ' ಎನ್ನುತ್ತಾನೆ. ಇದನ್ನು ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕೆಂದು ಮಾಡಬೇಕಾದ ಖರ್ಚು) ಎಂದು ತೋರಿಸಬಹುದಾ? ಮಿಲ್ಲಿನ ಸದ್ದು, ಧೂಳಿಗೆ ದನಿಯೂ ಕಟ್ಟುತ್ತಿದೆ. ಅಪ್ಪ ಕೊಡಿಸಿದ ತಂಬೂರಿಯ ಬುರುಡೆ ಬಿರುಕು ಬಿಟ್ಟಿದೆ, ಹೊಸದನ್ನು ಟ್ರಸ್ಟ್ ಲೆಕ್ಕದಲ್ಲಿ ತರಿಸಬಹುದಾ? ಮೂರನ್ನೂ ಹೇಗೆ ನಿಭಾಯಿಸಲಿ, ಸಮಯವೇ ಸಾಲುತ್ತಿಲ್ಲ.

ಉತ್ತರ: ಅಕ್ಕಾವ್ರೇ, ವಯಸ್ಸಲ್ಲಿ ನಾನು ನಿಮಗಿಂತ ಹದಿನೆಂಟು ವರ್ಷ ದೊಡ್ಡವನು. ಆದರೂ ಇಲ್ಲಿನ ಧಾನ್ಯ ಮಾರುಕಟ್ಟೆಯಾದ ನೆಹರೂ ಗಂಜ್‌ನಲ್ಲಿ ವ್ಯಾಪಾರ ನಡೆಸುವ ಹೆಣ್ಣುಮಗಳನ್ನು ಹಮಾಲರಿಂದ ಹಿಡಿದು ಅಡತಿ ಅಂಗಡಿಯವರ ತನಕ ಎಲ್ಲರೂ ಕರೆಯುವುದು ಹೀಗೇ. ನಾನೂ ಅದನ್ನೇ ರೂಢಿ ಮಾಡಿಕೊಂಡಿದ್ದೇನೆ. ಮೂವತ್ತೈದು ವರ್ಷದಿಂದ ಇಲ್ಲಿನ ದಾಲ್ ಮಿಲ್‌ಗಳ ಲೆಕ್ಕ ನೋಡುತ್ತಿದ್ದೇನೆ. ಹಾಡಲು ಬರುವುದಿಲ್ಲ. ಕೇಳುವುದನ್ನು ಮಾತ್ರ ಬಿಟ್ಟಿಲ್ಲ.

ಸಮಯ ಸಾಲುವುದಿಲ್ಲ ಎಂದು ಕೊರಗಿದ್ದೀರಿ. ನನಗೆ ಅದು ದೊಡ್ಡ ತೊಂದರೆ ಅನ್ನಿಸಲಿಲ್ಲ. ಮಿಲ್, ಹಾಡು, ದಾನ ಮೂರೂ ಒಬ್ಬರ ಕೈಯಲ್ಲಿ ಇರಬಹುದು. ಆದರೆ ನೀವು ದಾನ ಕೊಟ್ಟ ದುಡ್ಡಲ್ಲಿ ನಿಮ್ಮದೇ ಹಾಡು ನಡೆಯಬಾರದು. ನಾನು ಹೇಳಬೇಕಾದ್ದು ಇಷ್ಟೇ. ಯಾಕೆ ಅಂತ ಹೇಳಲು ಒಂದು ರಾತ್ರಿಯ ಮಾತು ತೆಗೆಯಬೇಕು.

ನನ್ನ ಹಳೆಯ ಪಾರ್ಟಿ ಒಬ್ಬರಿದ್ದರು, ಮಿಲ್ ಮಾಲಕರು. ಈಗಿಲ್ಲ. ಸಂಗೀತದ ಹುಚ್ಚು ಬಹಳ. ವರ್ಷಕ್ಕೊಮ್ಮೆ ಮನೆಯ ಮಾಳಿಗೆ ಮೇಲೆ ಗಾದಿ ಹಾಸಿ ಬೈಠಕ್ ಇಡುತ್ತಿದ್ದರು. ಹೊರಗಿನಿಂದ ಕಲಾವಿದರನ್ನು ಕರೆಸುತ್ತಿದ್ದರು. ಅವರಿಗಿಂತ ಮುಂಚೆ ಅರ್ಧ ತಾಸು ತಾವೇ ಹಾಡುತ್ತಿದ್ದರು. ಆ ರಾತ್ರಿ ಯಮನ್ ರಾಗ, ವಿಲಂಬಿತ ಏಕತಾಲ, ಅಂದರೆ ಹನ್ನೆರಡು ಮಾತ್ರೆಯ ನಿಧಾನ ತಾಳ. ನಾನು ತಬಲಾದವರ ಪಕ್ಕದಲ್ಲೇ ಕೂತಿದ್ದೆ. ಬೆರಳಲ್ಲಿ ಮಾತ್ರೆ ಎಣಿಸುವುದು ನನ್ನ ಚಟ. ಮೂರನೇ ಆವರ್ತನದಲ್ಲಿ ಎಣಿಕೆ ತಪ್ಪಿತು. ನನ್ನದೇ ತಪ್ಪು ಅಂದುಕೊಂಡೆ. ಐದನೆಯದರಲ್ಲೂ ತಪ್ಪಿತು. ಆಮೇಲೆ ತಬಲಾದವರ ಕೈ ನೋಡಿದೆ. ಮಾಲಕರು ಒಂದು ಮಾತ್ರೆ ಮುಂಚೆಯೇ ಮುಖಡಾಕ್ಕೆ, ಅಂದರೆ ಹಾಡಿನ ಪಲ್ಲವಿಗೆ, ಬಂದುಬಿಡುತ್ತಿದ್ದರು. ತಬಲಾದವರು ಕಣ್ಣು ನೆಲಕ್ಕೆ ಹಾಕಿ ಹನ್ನೆರಡನೇ ಮಾತ್ರೆಯನ್ನು ಸದ್ದಿಲ್ಲದೆ ನುಂಗಿ, ಸರಿಯಾಗಿ ಅವರು ಬಂದ ಜಾಗದಲ್ಲಿ ಸಮ್ಮಿನ, ಅಂದರೆ ತಾಳದ ಮೊದಲ ಮಾತ್ರೆಯ, 'ಧಿಂ' ಇಡುತ್ತಿದ್ದರು. ಕೂತವರೆಲ್ಲ 'ಕ್ಯಾ ಬಾತ್ ಹೈ' ಅಂದರು.

ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದೆ. ತಬಲಾದವರು ನಕ್ಕರು. 'ಸಮ್ಮಿಗೆ ಅವರು ಬರ್ಲಿಲ್ಲ ಅಂದ್ರ ಸಮ್ಮೇ ಅವರ ಹತ್ರ ಹೋಗ್ಬೇಕಲ್ರೀ ಸಾಹೇಬ್ರ. ಬರೋ ವರ್ಷಾನೂ ಕರೀಬೇಕಲ್ಲ ನಮ್ಮನ್ನ' ಅಂದರು.

ಆ ಮಾಲಕರಿಗೆ ಸ್ವರಜ್ಞಾನ ಚೆನ್ನಾಗಿತ್ತು. ನಲವತ್ತನೇ ವಯಸ್ಸಲ್ಲಿ ಯಾರಾದರೂ ಕೂರಿಸಿ ಲಯ ತಿದ್ದಿದ್ದರೆ ಆರು ತಿಂಗಳಲ್ಲಿ ಸರಿಹೋಗುತ್ತಿತ್ತು. ಯಾರೂ ಹೇಳಲಿಲ್ಲ. ಸಂಭಾವನೆಯ ಲಕೋಟೆ ಅವರ ಕೈಯಲ್ಲಿತ್ತು, ಅಲ್ವಾ. ಸಾಯುವ ತನಕ ಅವರು ಒಂದು ಮಾತ್ರೆ ಮುಂಚೆಯೇ ಹಾಡಿದರು.

ನೀವು ಆಪೆರಾದ ಮಾತು ತೆಗೆದಿದ್ದೀರಿ. ಆ ಲೋಕದಲ್ಲೂ ಇಂಥದ್ದೇ ಒಂದು ಕಥೆ ಇದೆ. ಅಮೆರಿಕದ ಫ್ಲಾರೆನ್ಸ್ ಫಾಸ್ಟರ್ ಜೆಂಕಿನ್ಸ್ ಎಂಬ ಹೆಣ್ಣುಮಗಳಿಗೆ 1909ರಲ್ಲಿ ಅಪ್ಪ ತೀರಿಕೊಂಡ ಮೇಲೆ ಆಸ್ತಿ ಬಂತು. ನ್ಯೂಯಾರ್ಕ್‌ನಲ್ಲಿ ಸಂಗೀತದ ಕ್ಲಬ್‌ಗಳಿಗೆ ಕೈಬಿಚ್ಚಿ ಕೊಟ್ಟರು. 1917ರಲ್ಲಿ ತಮ್ಮದೇ 'ವರ್ಡಿ ಕ್ಲಬ್' ಕಟ್ಟಿದರು. ಅಲ್ಲಿ ತಾವೂ ಹಾಡುತ್ತಿದ್ದರು. ಶ್ರುತಿಯೂ ಇಲ್ಲ, ತಾಳವೂ ಇಲ್ಲ. ಆದರೆ ಕೇಳಲು ಬರುವವರನ್ನು ಅವರೇ ಆರಿಸುತ್ತಿದ್ದರು. ಆದ್ದರಿಂದ ವರ್ಷಗಟ್ಟಲೆ ಚಪ್ಪಾಳೆ ಮಾತ್ರ ಕೇಳಿಸಿತು. 1944ರ ಅಕ್ಟೋಬರ್ 25ರಂದು, 76ನೇ ವಯಸ್ಸಲ್ಲಿ, ಕಾರ್ನೆಗಿ ಹಾಲ್‌ನಲ್ಲಿ ಟಿಕೆಟ್ ಇಟ್ಟು ಹಾಡಿದರು. ಮರುದಿನ ಪತ್ರಿಕೆಗಳು ಸುಲಿದು ಹಾಕಿದವು. ಒಂದು ತಿಂಗಳಲ್ಲಿ ತೀರಿಕೊಂಡರು. ಜನ ಇದನ್ನು ನಗಲು ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಕ್ಲಬ್ ಒಂದು ಕಡೆ, ಹಾಡು ಇನ್ನೊಂದು ಕಡೆ ಇದ್ದಿದ್ದರೆ ಯಾರೋ ಒಬ್ಬರು ಮೊದಲೇ ಸತ್ಯ ಹೇಳುತ್ತಿದ್ದರು.

ನೀವು ಚೆನ್ನಾಗಿಯೇ ಹಾಡುತ್ತಿರಬಹುದು. ಮೂವತ್ತೈದು ವರ್ಷ ಗುರುಗಳ ಹತ್ತಿರ ಕೂತವರು. ಆಗಂತೂ ಇದು ಇನ್ನೂ ಮುಖ್ಯ. ನಿಮ್ಮದೇ ಉತ್ಸವದಲ್ಲಿ ಎಷ್ಟೇ ಚೆನ್ನಾಗಿ ಹಾಡಿದರೂ 'ಮಾಲಕರಲ್ವಾ, ಹಾಡ್ತಾರೆ' ಎಂದೇ ಜನ ಎದ್ದು ಹೋಗುತ್ತಾರೆ.

ಹಾಗಾದರೆ ಎಲ್ಲಿ ಹಾಡಬೇಕು? ನಿಮ್ಮ ಮಿಲ್ ಯಾವುದು ಎಂದು ಯಾರಿಗೂ ಬೇಕಿಲ್ಲದ ಕಡೆ. ಆಕಾಶವಾಣಿಯ ಆಡಿಷನ್ ಕೊಟ್ಟಿದ್ದೀರಾ? ಪತ್ರದಲ್ಲಿ ಆ ಮಾತೇ ಇಲ್ಲ. ಬಿ, ಬಿ ಹೈ, ಎ, ಟಾಪ್ ಎಂದು ಅಲ್ಲಿ ಗ್ರೇಡ್ ಇವೆ. ಆಡಿಷನ್ ಕರೆದಾಗ ಎಲ್ಲರ ಹಾಗೆ ಅರ್ಜಿ ಹಾಕಿ, ಎಲ್ಲರ ಹಾಗೆ ಹೊರಗಿನ ಬೆಂಚಿನ ಮೇಲೆ ಕೂತು ಕಾಯಿರಿ. ಬಿ ಬಂದರೆ ಬಿ. ಫೇಲಾದರೆ ಮತ್ತೆ ಬರೆಯಿರಿ. ಅಲ್ಲಿ ಸಿಕ್ಕ ಬಿ ನಿಮ್ಮ ಸ್ವಂತ ವೇದಿಕೆಯ ಹತ್ತು ಶಾಲಿಗಿಂತ ಜಾಸ್ತಿ ತೂಗುತ್ತದೆ. ಅದರ ಜೊತೆಗೆ ಶ್ರಾವಣದಲ್ಲಿ ಮಠಗಳಲ್ಲಿ ನಡೆಯುವ ಸಂಗೀತ ಸೇವೆ ಇದೆ. ಕರೆದ ಕಡೆ ಹೋಗಿ. ಕರೆಯದ ಕಡೆ ದೇಣಿಗೆ ಕೊಟ್ಟು ಕರೆಸಿಕೊಳ್ಳಬೇಡಿ, ಅಷ್ಟೇ.

ಇನ್ನು ಟ್ರಸ್ಟ್. ತಮಾಷೆ ಅಂದರೆ ಆದಾಯ ತೆರಿಗೆ ಕಾನೂನೂ ಇದೇ ಮಾತು ಹೇಳುತ್ತದೆ. ಅದೇನೂ ಸಂಗೀತ ಕೇಳಿ ಹೇಳಿದ್ದಲ್ಲ. ಟ್ರಸ್ಟ್ ಕಟ್ಟಿದವರು, ಟ್ರಸ್ಟಿಗಳು, ದೊಡ್ಡ ಮೊತ್ತ ಕೊಟ್ಟವರು, ಇವರ ಮನೆಯವರು, ಇಷ್ಟು ಜನಕ್ಕೆ ಟ್ರಸ್ಟಿನ ದುಡ್ಡು, ಆಸ್ತಿಯಿಂದ ಲಾಭ ಆಗಬಾರದು. ಹಾಗೇನಾದರೂ ಆದರೆ ತೆರಿಗೆ ವಿನಾಯಿತಿಗೇ ಪೆಟ್ಟು. ಟ್ರಸ್ಟ್ ಖರ್ಚಲ್ಲಿ ಹಾಲ್ ಹಿಡಿದು, ಮೈಕ್ ಹಾಕಿಸಿ, ತಬಲಾ, ಹಾರ್ಮೋನಿಯಂನವರಿಗೆ ಕೊಟ್ಟು ನೀವು ಹಾಡಿದರೆ ಅದು ಯಾರ ಲಾಭ? ಅಧಿಕಾರಿ ಕೇಳಿದರೆ ನಾನು ಏನು ಹೇಳಲಿ?

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಬಹಳ ವರ್ಷದ ಹಿಂದೆ ಒಂದು ಮನೆತನಕ್ಕೆ ಕಲಾ ಟ್ರಸ್ಟ್ ಡೀಡ್ ಬರೆದುಕೊಟ್ಟಿದ್ದೆ. 'ಸಂಸ್ಥಾಪಕರೇ ಜೀವಮಾನ ಪೂರ್ತಿ ಅಧ್ಯಕ್ಷರು, ಕಾರ್ಯಕ್ರಮ ಆರಿಸುವ ಹಕ್ಕು ಅಧ್ಯಕ್ಷರದು' ಎಂದು ನನ್ನ ಕೈಯಾರೆ ಬರೆದೆ. ಟ್ರಸ್ಟಿಗಳು ಐದೂ ಜನ ಒಂದೇ ಮನೆಯವರು. ಅವರು ಕೆಟ್ಟವರೇನಲ್ಲ. ಆದರೆ ಎಂಟನೇ ವರ್ಷ ವೋಚರ್ ಫೈಲ್ ತೆರೆದರೆ ಏನಿತ್ತು? ಅಧ್ಯಕ್ಷರ ಅರವತ್ತರ ಸನ್ಮಾನದ ಪೆಂಡಾಲು, ಮೊಮ್ಮಗಳ ನೃತ್ಯದ ವಿಡಿಯೋ, ಶಾಲು, ಹಾರ, ಫ್ಲೆಕ್ಸ್. ಕಲಿಯುವ ಒಂದು ಮಗುವಿಗೂ ಒಂದು ರೂಪಾಯಿ ಹೋಗಿರಲಿಲ್ಲ. ಇಲಾಖೆಯಿಂದ ನೋಟಿಸ್ ಬಂತು. ಉತ್ತರ ಬರೆಯಲು ಕೂತರೆ ಪೆನ್ ಓಡಲಿಲ್ಲ. ಡೀಡ್ ನನ್ನದೇ ಅಲ್ವಾ.

ಆದ್ದರಿಂದ ನಿಮ್ಮ ಡೀಡ್ ಹೀಗಿರಲಿ. ಐದು ಟ್ರಸ್ಟಿಗಳು, ಮನೆಯವರು ಇಬ್ಬರಿಗಿಂತ ಜಾಸ್ತಿ ಬೇಡ. ಒಬ್ಬರು ದಿನಾ ಹಾಡಿ ಅಥವಾ ನುಡಿಸಿ ಹೊಟ್ಟೆ ಹೊರೆಯುವವರಾಗಿರಲಿ, ಒಬ್ಬರು ಮೇಷ್ಟ್ರು. ಐದನೆಯವರು ನಿಮ್ಮ ಹತ್ತಿರ ತೊಗರಿ ಮಾರದವರು, ಬೇಳೆ ಕೊಳ್ಳದವರು. ಅಧ್ಯಕ್ಷ ಸ್ಥಾನಕ್ಕೆ ಮೂರು ವರ್ಷದ ಅವಧಿ. ಇದೊಂದು ಸಾಲು ಮರೆಯದೆ ಬರೆಸಿ: ಟ್ರಸ್ಟಿಗಳಾಗಲಿ ಅವರ ಮನೆಯವರಾಗಲಿ ಟ್ರಸ್ಟ್ ಖರ್ಚಿನ ಯಾವ ಕಾರ್ಯಕ್ರಮದಲ್ಲೂ ಹಾಡುವಂತಿಲ್ಲ, ಸನ್ಮಾನ ಮಾಡಿಸಿಕೊಳ್ಳುವಂತಿಲ್ಲ. ಅಪ್ಪನ ಹೆಸರು ಇಡಿ, ಅದಕ್ಕೆ ಯಾರ ತಕರಾರೂ ಇಲ್ಲ.

ಕಾಗದದ ಕೆಲಸ ಕಷ್ಟವಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್ ನೋಂದಣಿ, ಪಾನ್, ಬ್ಯಾಂಕ್ ಖಾತೆ. ಆಮೇಲೆ ಆದಾಯ ತೆರಿಗೆಯಲ್ಲಿ 12ಎಬಿ (ಟ್ರಸ್ಟಿನ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನ ಕೊಟ್ಟವರಿಗೆ ವಿನಾಯಿತಿ) ನೋಂದಣಿ. ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಟ್ರಸ್ಟಿನ ವರ್ಷದ ಆದಾಯದಲ್ಲಿ ಶೇ. 85 ಅದೇ ಉದ್ದೇಶಕ್ಕೆ ಖರ್ಚಾಗಬೇಕು ಎಂಬುದು ಸಾಮಾನ್ಯ ನಿಯಮ. 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಹೊಸ ಆದಾಯ ತೆರಿಗೆ ಕಾಯ್ದೆ ಮಾಡಿದ್ದಾರೆ, ಸೆಕ್ಷನ್ ನಂಬರ್ ಬೇರೆ. ಗಂಜ್‌ನಲ್ಲಿ ಮಾತ್ರ ಇನ್ನೂ ಹತ್ತು ವರ್ಷ 80ಜಿ ಅಂತಲೇ ಅನ್ನುತ್ತಾರೆ, ನಾನೂ ಅನ್ನುತ್ತೇನೆ.

ಸಿಎಸ್‌ಆರ್ ವಿಚಾರ ತಲೆಯಿಂದ ತೆಗೆದುಬಿಡಿ. ಅದು 2013ರ ಕಂಪನಿ ಕಾಯ್ದೆಯ ಮಾತು. ನಿವ್ವಳ ಆಸ್ತಿ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2 ಖರ್ಚು ಮಾಡಬೇಕು. ನಿಮ್ಮದು ಪಾಲುದಾರಿಕೆ ಫರ್ಮ್. ನಿಮಗೂ ಅದಕ್ಕೂ ಸಂಬಂಧವೇ ಇಲ್ಲ. ನೀವು ಕೊಡುವುದು ಬರೀ ದಾನ.

ಈಗ ತಮ್ಮನ ಮಾತು. ನಿಮಗೆ ಬೇಜಾರಾಗಬಹುದು, ಆದರೆ ಅವರು ಹೇಳುವುದರಲ್ಲಿ ಅರ್ಧ ಸರಿ ಇದೆ. ಫರ್ಮ್ ಖಾತೆಯಿಂದ 50 ಲಕ್ಷ ಹೋದರೆ ಅದರಲ್ಲಿ 20 ಲಕ್ಷ ಅವರದು. ಅವರಿಗೂ ಅಪ್ಪನೇ. ಅವರಿಗೆ ಅಪ್ಪನ ನೆನಪು ಬೇರೆ ಥರ ಇರಬಹುದು.

ಇನ್ನೊಂದು ಲೆಕ್ಕ ನೋಡಿ. 2025-26ಕ್ಕೆ ಸರ್ಕಾರ ತೊಗರಿಗೆ ಇಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ. ಹತ್ತು ಟನ್ನಿನ ಒಂದು ಲಾರಿ ತೊಗರಿ ಅಂದರೆ 8 ಲಕ್ಷ. ನಿಮ್ಮ 50 ಲಕ್ಷ ಅಂದರೆ ಆರು ಲಾರಿ ಮಾಲು. ಜನವರಿಯಲ್ಲಿ ಗಂಜ್‌ಗೆ ಹೊಸ ತೊಗರಿ ಬರುವಾಗ ಆರು ಲಾರಿಯ ದುಡ್ಡು ಕೈಲಿಲ್ಲದಿದ್ದರೆ ಏನು ಮಾಡುತ್ತೀರಿ? ಬ್ಯಾಂಕಿನ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲ, ಎಳೆಯುತ್ತೀರಿ. ಸಿಸಿ ಬಡ್ಡಿ ಶೇ. 10 ಅಂತಿಟ್ಟುಕೊಳ್ಳಿ, ವರ್ಷಕ್ಕೆ 5 ಲಕ್ಷ ಬಡ್ಡಿ ಕಟ್ಟುತ್ತೀರಿ. ಅತ್ತ ಟ್ರಸ್ಟಿನ 50 ಲಕ್ಷ ಎಫ್‌ಡಿಯಲ್ಲಿ ಶೇ. 7ರಂತೆ ಮೂರೂವರೆ ಲಕ್ಷ ದುಡಿಯುತ್ತದೆ. ಅಂದರೆ ಸಾಲ ಮಾಡಿ ದಾನ ಕೊಟ್ಟ ಹಾಗಾಯ್ತು. ದಾಲ್ ಮಿಲ್ಲಿನ ವಹಿವಾಟು ನೋಡಿ ಊರವರು ಕೋಟಿ ಕೋಟಿ ಅನ್ನುತ್ತಾರೆ. 45 ಕೋಟಿಯಲ್ಲಿ 60 ಲಕ್ಷ ಎಷ್ಟು ತೆಳ್ಳಗಿನ ಪದರ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಒಂದು ವರ್ಷ ಹೊರದೇಶದ ತೊಗರಿ ಅಗ್ಗಕ್ಕೆ ಬಂದು ಗೋದಾಮಿನ ಮಾಲಿನ ರೇಟು ಬಿದ್ದರೆ ಆ ಪದರವೂ ಇರುವುದಿಲ್ಲ.

ನನ್ನ ಸಲಹೆ: ಒಂದೇ ಸಲಕ್ಕೆ ಬೇಡ. ಐದು ವರ್ಷ, ವರ್ಷಕ್ಕೆ 10 ಲಕ್ಷ. ಅದೂ ಸೀಸನ್ ಮುಗಿದು, ಸಿಸಿ ಇಳಿದು, ಅರ್ಧ ವರ್ಷದ ಲೆಕ್ಕ ಕೈಗೆ ಬಂದ ಮೇಲೆ, ಸೆಪ್ಟೆಂಬರ್ ಕೊನೆಗೆ. ಇದರಲ್ಲಿ 4 ಲಕ್ಷ ಫರ್ಮ್‌ನಿಂದ ಹೋಗಲಿ. ಪಾಲುದಾರಿಕೆ ಡೀಡ್‌ಗೆ ಒಂದು ಪುರವಣಿ ಮಾಡಿ, 'ವರ್ಷಕ್ಕೆ ಇಷ್ಟರ ತನಕ, ಇಬ್ಬರ ಸಹಿ ಇದ್ದರೆ ಮಾತ್ರ' ಎಂದು ಬರೆಸಿ. ಉಳಿದ 6 ಲಕ್ಷ ನಿಮ್ಮ ಸ್ವಂತ ಖಾತೆಯಿಂದ. ನಿಮ್ಮ ಪಾಲಿನ ಲಾಭ ನಿಮ್ಮ ಕೈಗೆ ಬಂದ ಮೇಲೆ ಏನು ಮಾಡುತ್ತೀರೋ ಅದನ್ನು ಯಾರೂ ಕೇಳುವ ಹಾಗಿಲ್ಲ.

'ಎಲ್ಲ ಫರ್ಮ್‌ನಿಂದಲೇ ಕೊಟ್ಟರೆ ತೆರಿಗೆ ಉಳಿಯುತ್ತಲ್ಲ' ಎಂದು ನಿಮ್ಮ ಅಕೌಂಟೆಂಟ್ ಹೇಳಬಹುದು. ಉಳಿಯುತ್ತದೆ, ಆದರೆ ಎಷ್ಟು? ಇಂಥ ಟ್ರಸ್ಟಿಗೆ ಕೊಟ್ಟದ್ದರಲ್ಲಿ ಅರ್ಧಕ್ಕೆ ಮಾತ್ರ ವಿನಾಯಿತಿ, ಅದಕ್ಕೂ ಆದಾಯದ ಶೇ. 10ರ ಮಿತಿ ಇದೆ. 4 ಲಕ್ಷ ಕೊಟ್ಟರೆ 2 ಲಕ್ಷಕ್ಕೆ ವಿನಾಯಿತಿ. ಫರ್ಮ್‌ಗೆ ತೆರಿಗೆ ಶೇ. 30, ಸೆಸ್ ಸೇರಿ 31.2. ಉಳಿಯುವುದು 62,400 ರೂಪಾಯಿ. ನಿಮ್ಮ ಸ್ವಂತ ಲೆಕ್ಕದಲ್ಲಿ ನೀವು ಹೊಸ ತೆರಿಗೆ ಪದ್ಧತಿ ಆರಿಸಿದ್ದರೆ 80ಜಿ ಸಿಗುವುದೇ ಇಲ್ಲ, ಅದೂ ನಿಜ. ಆದರೆ 6 ಲಕ್ಷವನ್ನೂ ಫರ್ಮ್‌ನಿಂದ ಕೊಟ್ಟು ಉಳಿಸುವ ಲಕ್ಷಕ್ಕೂ ಕಮ್ಮಿ ದುಡ್ಡಿಗೆ ತಮ್ಮನ ಜೊತೆ ಪ್ರತಿ ವರ್ಷ ಜಗಳ ಬೇಕಾ? ಹಾಂ, ನಗದು ಕೊಡಬೇಡಿ. 2,000 ರೂಪಾಯಿ ದಾಟಿದ ನಗದು ದಾನಕ್ಕೆ ವಿನಾಯಿತಿ ಇಲ್ಲ.

ಇದರ ಜೊತೆಗೇ ನೀವು ಫರ್ಮ್‌ನಿಂದ ಸಂಬಳ ತೆಗೆದುಕೊಳ್ಳುತ್ತಿದ್ದೀರಾ ನೋಡಿ. ಆರು ವರ್ಷದಿಂದ ಮಿಲ್ ನಡೆಸುತ್ತಿರುವವರು ನೀವು. ದುಡಿಯುವ ಪಾಲುದಾರರಿಗೆ ಸಂಬಳ ಕೊಡಲು ಕಾನೂನಿನಲ್ಲಿ ಜಾಗ ಇದೆ, ಡೀಡ್‌ನಲ್ಲಿ ಬರೆದಿರಬೇಕು. 2025ರ ಏಪ್ರಿಲ್‌ನಿಂದ ಅದರ ಮೇಲೆ ಶೇ. 10 ಟಿಡಿಎಸ್ ಬಂದಿದೆ, ವರ್ಷಕ್ಕೆ 20,000 ದಾಟಿದರೆ. ನಮ್ಮ ಕಡೆ ಹೆಣ್ಣುಮಕ್ಕಳು ಮಿಲ್ ನಡೆಸಿದರೆ 'ಮನೆ ಕೆಲಸ' ಎಂದೇ ಲೆಕ್ಕ. ಸುಮ್ನೆ ದುಡಿಯುತ್ತಾರೆ, ಆಮೇಲೆ ದಾನಕ್ಕೆ ಕೈ ಹಾಕಿದಾಗ ಕೈ ಕಟ್ಟಿರುತ್ತದೆ. ಸಂಬಳ ತೆಗೆದುಕೊಳ್ಳಿ. ಆ ಸಂಬಳದಲ್ಲಿ ಹಾಡಿ, ಹಾಡಿಸಿ.

ದನಿಯ ವಿಷಯ. ನಾನು ಡಾಕ್ಟರ್ ಅಲ್ಲ, ಆದರೆ ಮಿಲ್‌ಗಳಲ್ಲಿ ದನಿ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ಎಲಿವೇಟರ್, ರೋಲರ್, ಸಾರ್ಟೆಕ್ಸ್ ಎಲ್ಲ ಓಡುವಾಗ ನಾವು ಕೂಗುತ್ತಿದ್ದೇವೆ ಎಂಬುದೇ ನಮಗೆ ಗೊತ್ತಾಗುವುದಿಲ್ಲ. ಸುತ್ತ ಸದ್ದು ಏರಿದಷ್ಟೂ ದನಿ ತಾನಾಗೇ ಏರುತ್ತದೆ. ಮೆಶೀನ್ ಹಾಲ್‌ನ ಒಂದು ಮೂಲೆಗೆ ಗಾಜಿನ ಕ್ಯಾಬಿನ್ ಕಟ್ಟಿಸಿ. ಮೇಸ್ತ್ರಿ ಒಳಗೆ ಬಂದು ಮಾತಾಡಲಿ. ಫೋನ್ ಬಂದರೆ ಹೊರಗೆ, ತೊಗರಿ ಒಣಹಾಕಿದ ಅಂಗಳದ ಕಡೆ ನಡೆಯಿರಿ. ಹೊಟ್ಟಿನ ಧೂಳಿಗೆ ಮಾಸ್ಕ್ ಹಾಕಿ. ಮಿಲ್‌ನಿಂದ ಬಂದ ಕೂಡಲೇ ತಂಬೂರಿ ಹಿಡಿಯಬೇಡಿ, ಬೆಳಗಿನ ಜಾವ ಕೆಳಸ್ಥಾಯಿಯಲ್ಲಿ ಮಾಡುವ ಮಂದ್ರ ಸಾಧನೆಯೇ ಸಾಕು. ಗಂಜ್‌ನಲ್ಲಿ ಕೂತರೆ ಚಹಾದ ಮೇಲೆ ಚಹಾ ಬರುತ್ತದಲ್ಲ, ಅದರಲ್ಲಿ ಅರ್ಧಕ್ಕೆ ನೀರು ಕುಡಿಯಿರಿ. ದನಿ ಕಟ್ಟಿದ್ದು ಎರಡು ಮೂರು ವಾರದಲ್ಲಿ ಬಿಡದಿದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ ಸ್ಕೋಪ್ ಹಾಕಿಸಿ ಧ್ವನಿತಂತು ನೋಡಿಸಿಕೊಳ್ಳಿ. ಜೇನು, ಜೇಷ್ಠಮಧು ಅಂತ ತಿಂಗಳುಗಟ್ಟಲೆ ಕಳೆಯಬೇಡಿ. ಆಪೆರಾದವರು ಮೈಕ್ ಇಲ್ಲದೆ ದೊಡ್ಡ ವಾದ್ಯವೃಂದದ ಮೇಲೆ ದನಿ ತೇಲಿಸಬೇಕು. ಅದಕ್ಕೇ ಕಛೇರಿಯ ದಿನ ಅವರಲ್ಲಿ ಎಷ್ಟೋ ಜನ ಬಾಯಿಬಿಟ್ಟು ಮಾತಾಡುವುದೇ ಕಮ್ಮಿ. ನಮ್ಮವರು ಕಛೇರಿಗೆ ಹತ್ತು ನಿಮಿಷ ಮುಂಚೆಯೂ ಲಾರಿ ಬಾಡಿಗೆ ಚೌಕಾಶಿ ಮಾಡುತ್ತಿರುತ್ತಾರೆ.

ಗಂಗೂಬಾಯಿ ಹಾನಗಲ್ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆ ಆದ ಮೇಲೆ ದನಿಯೇ ಬದಲಾಯಿತು. ಎಳೆ ದನಿ ಹೋಗಿ ಗಡುಸು ದನಿ ಬಂತು. ಅದೇ ದನಿಯಲ್ಲಿ ಅವರು ಹೆಸರು ಮಾಡಿದರು. ಹೆದರಬೇಡಿ ಅಂತ ಹೇಳಿದೆ. ಹಾಗಂತ ತೋರಿಸದೆ ಕೂರಬೇಡಿ.

ಸಮಯ ಸಾಲದು ಅಂದಿರಿ. ಗಡಿಯಾರಕ್ಕಿಂತ ಪಂಚಾಂಗ ನೋಡಿ. ಹೊಸ ತೊಗರಿ ಡಿಸೆಂಬರ್ ಕೊನೆಗೆ ಶುರುವಾಗಿ, ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಆಗುವ ತನಕ ಗಂಜ್‌ನಲ್ಲಿ ಉಸಿರಾಡಲು ಬಿಡುವುದಿಲ್ಲ. ಸಂಗೀತದ ಸೀಸನ್ನೂ ಅದೇ ಚಳಿಗಾಲ. ಪುಣೆಯ ಸವಾಯಿ ಗಂಧರ್ವ ಉತ್ಸವ ಡಿಸೆಂಬರ್‌ನಲ್ಲೇ. ಎರಡನ್ನೂ ಒಟ್ಟಿಗೆ ಹಿಡಿಯಲು ಹೋಗಿ ನೀವು ಸುಸ್ತಾಗಿದ್ದೀರಿ. ಆ ಮೂರು ತಿಂಗಳು ರಿಯಾಜ್ ಮಾತ್ರ ಇರಲಿ, ಕಛೇರಿ ಬೇಡ. ಬೇಸಿಗೆಯ 42 ಡಿಗ್ರಿಯಲ್ಲಿ ಏನೂ ಬೇಡ. ಶ್ರಾವಣಕ್ಕೆ ಮಿಲ್ ನಿಧಾನ ಆಗುತ್ತದೆ, ಮೆಶೀನ್ ಬಿಚ್ಚಿ ರಿಪೇರಿ ಮಾಡುವ ಹೊತ್ತು. ಮಠಗಳಲ್ಲಿ ಜನ ತುಂಬಿರುತ್ತಾರೆ. ಮಲ್ಹಾರ ಹಾಡಲು ಅದಕ್ಕಿಂತ ಒಳ್ಳೆ ಕಾಲ ಯಾವುದು?

ಟ್ರಸ್ಟಿನ ದುಡ್ಡು ಎಲ್ಲಿಗೆ ಹೋಗಬೇಕು ಎನ್ನುವುದಕ್ಕೆ ಬರೋಣ. ಉತ್ಸವ ಬೇಡ ಅಂತೀನಿ. ಐದು ವರ್ಷ ಆದ ಮೇಲೆ ನಿಮಗೆ ಸಿಗುವ ಬಡ್ಡಿ ಮೂರೂವರೆ ಲಕ್ಷ. ಡಾ. ಎಸ್. ಎಂ. ಪಂಡಿತ್ ರಂಗಮಂದಿರ ಹಿಡಿದು, ಹೊರಗಿನವರೊಬ್ಬರನ್ನು ಕರೆಸಿ, ಲಾಡ್ಜು, ಕಾರು, ಸೌಂಡು, ಫ್ಲೆಕ್ಸು, ಊಟ ಅಂತ ಲೆಕ್ಕ ಹಾಕಿದರೆ ಒಂದೇ ರಾತ್ರಿಗೆ ಅದು ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಕಲಬುರಗಿಯಲ್ಲಿ ಹಾಡುವವರ ಸಂಖ್ಯೆ ಒಂದೂ ಹೆಚ್ಚಿರುವುದಿಲ್ಲ. ಕೋಲ್ಕತ್ತದ ಐಟಿಸಿ ಸಂಗೀತ ಸಂಶೋಧನಾ ಅಕಾಡೆಮಿಯಲ್ಲಿ ಗುರುಗಳು ಅಲ್ಲೇ ಇದ್ದು ಶಿಷ್ಯರಿಗೆ ಕಲಿಸುತ್ತಾರೆ. ಕಂಪನಿಯ ದುಡ್ಡು ಕಲಿಕೆಗೆ ಹೋಗುತ್ತದೆ. ಅಷ್ಟು ದೊಡ್ಡದು ನಮ್ಮ ಕೈಲಾಗದು, ದಾರಿ ಮಾತ್ರ ಅದೇ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಗಾಯಕ ಸವಾಯಿ ಗಂಧರ್ವರ ನೆನಪಿಗೆ ರಾತ್ರಿಯಿಡೀ ಸಂಗೀತ ನಡೆಯುತ್ತದೆ. ವಾಡೆ ಆ ಮನೆತನದ್ದು, ಹಾಡು ಬಂದವರದ್ದು.

ಮೂವರು ಮಕ್ಕಳಿಗೆ ತಿಂಗಳಿಗೆ 5,000 ಕೊಟ್ಟರೆ ವರ್ಷಕ್ಕೆ 1 ಲಕ್ಷ 80 ಸಾವಿರ. ಹಳ್ಳಿಯಿಂದ ಬಸ್ಸಲ್ಲಿ ಬಂದು ಕಲಿಯುವ ಹುಡುಗಿಗೆ ಆ ಐದು ಸಾವಿರ ಅಂದರೆ ಬಸ್ ಪಾಸ್, ಫೀಸು, ತಬಲಾ ಸಾಥಿಗೆ ವಾರಕ್ಕೊಮ್ಮೆ ಒಂದಿಷ್ಟು. ಕಲಿಯುವವರಿಗೆ ತಬಲಾ ಜೊತೆ ಕೂತು ಹಾಡುವ ಅವಕಾಶ ಸಿಗದೆ ಲಯ ಕೆಡುತ್ತದೆ. ನನ್ನ ಆ ಮಾಲಕರ ಕಥೆಯೂ ಅಲ್ಲಿಂದಲೇ ಶುರುವಾಗಿದ್ದಿರಬೇಕು.

ಉಳಿದ 1 ಲಕ್ಷ 70 ಸಾವಿರಕ್ಕೆ ನನ್ನದೊಂದು ಆಸೆ, ಬೇಡವಾದರೆ ಬಿಡಿ. ನಮ್ಮ ಜಿಲ್ಲೆ ತತ್ವಪದದ ನೆಲ. ಕಡಕೋಳದ ಮಡಿವಾಳಪ್ಪ, ಅವರ ಶಿಷ್ಯರಾದ ಚನ್ನೂರ ಜಲಾಲಸಾಬರು. ಏಕತಾರಿ, ದಮ್ಮಡಿ ಹಿಡಿದು ಇವರ ಪದಗಳನ್ನು ರಾತ್ರಿಯಿಡೀ ಹಾಡುವ ಹಿರಿಯರು ಊರೂರಲ್ಲಿ ಇನ್ನೂ ಇದ್ದಾರೆ. ಪದಗಳು ಅಚ್ಚಾಗಿವೆ, ಧಾಟಿಗಳು ಅಚ್ಚಾಗುವುದಿಲ್ಲ. ಒಳ್ಳೆ ಮೈಕ್ ಒಯ್ದು, ಅವರ ಊರಲ್ಲೇ, ಅವರ ಮಠದಲ್ಲೇ, ಅವರು ಹಾಡುವ ಹೊತ್ತಲ್ಲೇ ರೆಕಾರ್ಡ್ ಮಾಡಿಸಿ. ಹಾಡಿದವರಿಗೆ ಸರಿಯಾದ ಸಂಭಾವನೆ ಕೊಡಿ, ಹೆಸರು ಹಾಕಿ, ಹಾಡಿನ ಹಕ್ಕು ಅವರ ಹತ್ತಿರವೇ ಇರಲಿ. ಟ್ರಸ್ಟಿನ ಹೆಸರು ಸಣ್ಣ ಅಕ್ಷರದಲ್ಲಿ ಕೆಳಗೆ ಇರಲಿ ಸಾಕು. ನಿಮ್ಮ ಮಿಲ್ಲಿನ ಹಮಾಲರಲ್ಲೇ ಒಬ್ಬಿಬ್ಬರು ಭಜನಿಗೆ ಕೂರುವವರು ಇರುತ್ತಾರೆ, ವಿಚಾರಿಸಿ.

ತಂಬೂರಿ. ಟ್ರಸ್ಟ್ ದುಡ್ಡಲ್ಲಿ ತರಿಸಿದರೆ ಅದನ್ನು ಸ್ಟಾಕ್ ರಿಜಿಸ್ಟರ್‌ನಲ್ಲಿ ಬರೆದು ಮಕ್ಕಳು ಕಲಿಯುವ ಕೋಣೆಯಲ್ಲಿ ಇಡಬೇಕು, ನಿಮ್ಮ ಪೂಜೆ ಕೋಣೆಯಲ್ಲಿ ಅಲ್ಲ. ನಿಮ್ಮದು ನಿಮ್ಮ ಸಂಬಳದಲ್ಲಿ. ಆದರೆ ಹೊಸದೇ ಯಾಕೆ? ಬುರುಡೆ ಬಿರುಕು ಬಿಟ್ಟರೆ ಕೂಡಿಸಿಕೊಡುವ ಕಸಬುದಾರರು ಮೀರಜ್‌ನಲ್ಲಿದ್ದಾರೆ. ಅಲ್ಲಿನ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿತು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಸಿಕ್ಕಿತ್ತಲ್ಲ, ಅದೇ. ಹೋದಾಗ ಜವಾರಿಯನ್ನೂ ಸರಿ ಮಾಡಿಸಿಕೊಳ್ಳಿ. ನಾವು ಊರ ತಳಿಯ ತೊಗರಿಗೆ ಜವಾರಿ ಅನ್ನುತ್ತೇವೆ, ಅವರು ಕುದುರೆಯ ಮೇಲೆ ತಂತಿ ಝೇಂಕರಿಸುವ ಹದಕ್ಕೆ ಜವಾರಿ ಅನ್ನುತ್ತಾರೆ. ಸೊಲ್ಲಾಪುರ, ಕುರ್ಡುವಾಡಿ ಮೇಲೆ ರೈಲಲ್ಲಿ ಹೋಗಿ. ದಾರಿಯಲ್ಲೇ ಪಂಢರಪುರ ಬರುತ್ತದೆ, ತಂಬೂರಿಯ ಬುರುಡೆಗೆ ಬೇಕಾದ ಕಾಯಿ ಬೆಳೆಯುವುದೂ ಆ ಕಡೆಯೇ. ಎರಡು ಸೀಟು ಬುಕ್ ಮಾಡಿ, ಒಂದು ತಂಬೂರಿಗೆ. ಲಗೇಜ್ ಜೊತೆ ಹಾಕಬೇಡಿ.